ಕಾಲುವೆ ಕಾಣದ ದೋಣಿ

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಎರಡೂ ಮಗ್ಗುಲಿನಿಂದ ಕಾಲುವೆಗಳು ಹೊರಡುತ್ತವೆ. ಬಲದಂಡೆಯ ಕಾಲುವೆಯೊಂದೇ ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಬಯಲುಸೀಮೆಯ ಗದ್ದೆ, ತೋಟಗಳಿಗೆ ನೀರುಣಿಸುತ್ತದೆ. ಇಷ್ಟು ಉದ್ದದ ಕಾಲುವೆಯಲ್ಲಿ ಸರಕು ಹೊತ್ತ ಒಂದೇ ಒಂದು ದೋಣಿ ಸಾಗಿದ್ದನ್ನು ಯಾರೂ ಕಂಡಿಲ್ಲ. ಆದರೆ ಅದೇ ಅಣೆಕಟ್ಟಿನ ಹಿಂದೆ, ನರಸಿಂಹರಾಜಪುರದ ಕಡೆಗೆ ಚಾಚಿಕೊಂಡ ಹಿನ್ನೀರಿನ ಅಂಚಿನಲ್ಲಿ, ದೋಣಿ ಮನೆಮಂದಿಯಷ್ಟೇ ಪರಿಚಿತ. ಮೀನು ಹಿಡಿಯುವವರಿಗೆ ಅದು ಹೊಟ್ಟೆಪಾಡು. ಆಚೆ ದಡದಲ್ಲಿ ಜಮೀನಿರುವವರಿಗೆ ಹತ್ತಿರದ ದಾರಿ.

ಕಾಲುವೆಯಿದ್ದಲ್ಲಿ ದೋಣಿಯಿಲ್ಲ, ದೋಣಿಯಿದ್ದಲ್ಲಿ ಕಾಲುವೆಯಿಲ್ಲ. ಇಂಗ್ಲೆಂಡ್, ಹಾಲೆಂಡ್‌ಗಳಲ್ಲಿ ಕಾಲುವೆಯೆಂದರೆ ಮೊದಲು ನೆನಪಾಗುವುದೇ ದೋಣಿ. ನಮ್ಮಲ್ಲಿ ಹೀಗೇಕಾಯಿತು? ಕಾರಣ ಹುಡುಕುತ್ತ ಹೋದರೆ ಮಲೆನಾಡಿನ ದೋಣಿಯ ಬದುಕು ಎಂಥದ್ದು, ಅದು ಏಕೆ ಮರೆಯಾಗುತ್ತಿದೆ ಎಂಬುದೂ ತಿಳಿಯುತ್ತದೆ.

ಉದ್ದಕ್ಕಲ್ಲ, ಅಡ್ಡಕ್ಕೆ

ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿಯನ್ನು ಹಾದು, ಕೊಪ್ಪ ತಾಲ್ಲೂಕಿನ ಹರಿಹರಪುರವನ್ನು ಬಳಸಿ ತೀರ್ಥಹಳ್ಳಿಯತ್ತ ಸಾಗುತ್ತಾಳೆ. ಅಲ್ಲಿಯೇ ಹುಟ್ಟುವ ಭದ್ರೆ ಕಳಸ, ಬಾಳೆಹೊನ್ನೂರುಗಳ ದಾರಿ ಹಿಡಿದು ನರಸಿಂಹರಾಜಪುರದ ಸೀಮೆಗೆ ಬರುತ್ತಾಳೆ. ಇಬ್ಬರೂ ಕೂಡುವುದು ಶಿವಮೊಗ್ಗದ ಆಚೆ, ಕೂಡಲಿಯಲ್ಲಿ. ಮಲೆನಾಡಿನೊಳಗೆ ಈ ಎರಡೂ ಹೊಳೆಗಳ ತಳ ಬಂಡೆಗಲ್ಲಿನದು. ಬೇಸಿಗೆಯಲ್ಲಿ ಬಂಡೆಗಳ ನಡುವೆ ಮೊಣಕಾಲುದ್ದದ ನೀರು. ಮಳೆಗಾಲದಲ್ಲಿ ದಡ ಕೊಚ್ಚುವ ಕೆಂಪು ಪ್ರವಾಹ. ಎರಡೂ ಕಾಲದಲ್ಲಿ ಹೊಳೆಯ ಉದ್ದಕ್ಕೆ ದೂರ ಪ್ರಯಾಣ ಮಾಡುವುದು ಆಗದ ಮಾತು. ಆದ್ದರಿಂದ ಮಲೆನಾಡಿನ ದೋಣಿಗೆ ಒಂದೇ ಕೆಲಸ: ಈ ದಡದಿಂದ ಆ ದಡಕ್ಕೆ.

ಕೆಲಸ ಚಿಕ್ಕದೆಂದು ತೋರಿದರೂ ಅದರ ಬೆಲೆ ದೊಡ್ಡದಿತ್ತು. ಶೃಂಗೇರಿಯಲ್ಲಿ ವಿದ್ಯಾಶಂಕರ, ಶಾರದೆಯರ ದೇವಾಲಯಗಳು ತುಂಗೆಯ ಒಂದು ದಡದಲ್ಲಿವೆ. ಗುರುಗಳ ನಿವಾಸವಿರುವ ನರಸಿಂಹವನ ಇನ್ನೊಂದು ದಡದಲ್ಲಿ. ಇಂದು ಭಕ್ತರು ಸೇತುವೆಯ ಮೇಲೆ ನಿಂತು ಕೆಳಗಿನ ಮೀನುಗಳನ್ನು ನೋಡುತ್ತ ದಾಟುತ್ತಾರೆ. ಸೇತುವೆ ಬರುವ ಮುನ್ನ ದೋಣಿಯೇ ಗತಿಯಾಗಿತ್ತು. ಸಣ್ಣ ಹಳ್ಳಗಳಿಗೆ ಅಡಿಕೆ ಮರದ ಕಾಲುಸಂಕ ಸಾಕಾಗುತ್ತಿತ್ತು. ಹೊಳೆಗೆ ಮಾತ್ರ ದೋಣಿಗಂಡಿ ಬೇಕಿತ್ತು. ದೋಣಿ ಕಟ್ಟುವ, ಜನ ಹತ್ತಿಳಿಯುವ ಆ ಜಾಗಕ್ಕೆ ಊರಿನ ಕಾಲುದಾರಿಗಳೆಲ್ಲ ಬಂದು ಸೇರುತ್ತಿದ್ದವು. ಅಡಿಕೆ ಮೂಟೆ, ಮದುವೆಯ ದಿಬ್ಬಣ, ಸೂಲಗಿತ್ತಿ, ಶಾಲೆಯ ಮಕ್ಕಳು ಎಲ್ಲರೂ ಅಲ್ಲಿಂದಲೇ ದಾಟಬೇಕು. ಆಚೆ ದಡದಲ್ಲಿ ನಿಂತು ‘ಕೂ’ ಹಾಕಿದರೆ ಅಂಬಿಗ ಬರುತ್ತಿದ್ದ. ಆರಿದ್ರೆಯಿಂದ ಆಶ್ಲೇಷದವರೆಗಿನ ಮಳೆಯಲ್ಲಿ ಹೊಳೆ ಏರಿದರೆ ದಿನಗಟ್ಟಲೆ ದೋಣಿ ಬಿಡುತ್ತಿರಲಿಲ್ಲ. ಉಪ್ಪು, ಬೆಲ್ಲ, ಒಣಮೀನನ್ನು ಮಳೆಗೆ ಮುನ್ನವೇ ಮನೆಗೆ ತಂದಿಟ್ಟುಕೊಳ್ಳುವ ಮಲೆನಾಡಿನ ರೂಢಿಗೆ ಇದೂ ಒಂದು ಕಾರಣ.

ಅಂಬಿಗನಿಗೆ ಪ್ರತಿ ಸಲವೂ ಕಾಸು ಕೊಡುವ ಪದ್ಧತಿ ಎಲ್ಲೆಡೆ ಇರಲಿಲ್ಲ. ಊರಿನ ಕಮ್ಮಾರ, ಬಡಗಿಗಳಿಗೆ ಕೊಡುವಂತೆ ಅಂಬಿಗನಿಗೂ ಸುಗ್ಗಿಯಲ್ಲಿ ಮನೆಗಿಷ್ಟು ಭತ್ತವೆಂದು ಅಳೆದು ಕೊಡುವ ರೂಢಿಯೂ ಇತ್ತು. ಹೊಳೆಯ ಸುಳಿ, ಬಂಡೆ, ಸೆಳವು ಅವನಿಗೆ ಬಾಯಿಪಾಠ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ನಿಷ್ಠುರ ಮಾತಿಗೆ ಹೆಸರಾದ ಅಂಬಿಗರ ಚೌಡಯ್ಯ ಈ ಕಾಯಕದವನೇ. ಅವನ ಹೆಸರು ಹೊತ್ತ ಚೌಡಯ್ಯದಾನಪುರ ಇರುವುದು ಇದೇ ನೀರಿನ ಕೆಳಹರಿವಿನಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಡದಲ್ಲಿ.

ಬುಟ್ಟಿ, ಕೊರೆದ ಮರ, ಹಲಗೆ

ಈ ಹೊಳೆಗಳ ಮೇಲೆ ಓಡಾಡಿದ ದೋಣಿಗಳು ಒಂದೇ ಬಗೆಯವಲ್ಲ. ಎಲ್ಲಕ್ಕೂ ಸರಳವಾದದ್ದು ಹರಿಗೋಲು. ಬಿದಿರಿನ ಸೀಳುಗಳನ್ನು ದುಂಡಗಿನ ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದರೆ ಅದೇ ದೋಣಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಇಂಥ ಬುಟ್ಟಿದೋಣಿಗಳನ್ನು ಕಂಡು ಬೆರಗಾಗಿದ್ದ. ಹದಿನೈದು ಇಪ್ಪತ್ತು ಜನರನ್ನು ಹೊತ್ತು, ಗಿರ್ರನೆ ಸುತ್ತುತ್ತಲೇ ಅವು ಹೊಳೆ ದಾಟುವುದನ್ನು ಅವನು ಬರೆದಿಟ್ಟಿದ್ದಾನೆ. ದುಂಡಗಿದ್ದು ತಳ ಚಪ್ಪಟೆಯಾಗಿರುವುದರಿಂದ ಹರಿಗೋಲಿಗೆ ಗೇಣುದ್ದದ ನೀರೂ ಸಾಕು. ಬಂಡೆಗೆ ತಾಗಿದರೂ ಅದು ಬಳುಕುತ್ತದೆ, ಒಡೆಯುವುದಿಲ್ಲ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಡಾಂಬರಿನ ಲೇಪ ಬಂದಿದೆ.

ಎರಡನೆಯದು ಒಂದೇ ಮರವನ್ನು ಕೊರೆದು ಮಾಡಿದ ದೋಣಿ. ಮಾವು, ಹೆಬ್ಬಲಸಿನಂಥ ದೊಡ್ಡ ಮರದ ದಿಮ್ಮಿಯನ್ನು ಬಾಚಿಯಿಂದ ಕೆತ್ತಿ ಒಳಗನ್ನು ಟೊಳ್ಳು ಮಾಡುತ್ತಾರೆ. ಅದಕ್ಕೆ ಸಂದಿಯೇ ಇಲ್ಲ, ಹಾಗಾಗಿ ಸೋರುವ ಭಯ ಕಡಿಮೆ. ಆದರೆ ಒಂದು ದೋಣಿಗೆ ಒಂದು ಮಹಾವೃಕ್ಷವೇ ಬೇಕು. ಅಂಥ ಮರಗಳು ಕಡಿಮೆಯಾಗಿ, ಅರಣ್ಯ ಕಾನೂನು ಬಿಗಿಯಾದಂತೆ ಹಲಗೆಗಳನ್ನು ಜೋಡಿಸಿದ ದೋಣಿಗಳೇ ಹೆಚ್ಚಾದವು. ಎತ್ತಿನಗಾಡಿಯನ್ನೋ ಮೋಟಾರನ್ನೋ ದಾಟಿಸಬೇಕಾದಲ್ಲಿ ಎರಡು ದೋಣಿಗಳನ್ನು ಪಕ್ಕಪಕ್ಕ ಕಟ್ಟಿ ಮೇಲೆ ಹಲಗೆಯ ಅಟ್ಟ ಹಾಸುತ್ತಿದ್ದರು. ಇದಕ್ಕೆ ಜಂಗಲ್ ಎಂದು ಹೆಸರು.

ತುಂಗಭದ್ರೆಯಿಂದ ಕಾರವಾರಕ್ಕೆ

ಹೊಳೆಯ ಉದ್ದಕ್ಕೆ ಪ್ರಯಾಣ ಆಗದಿದ್ದರೆ ಪಕ್ಕದಲ್ಲೇ ಕಾಲುವೆ ತೋಡಿ ದೋಣಿ ನಡೆಸಬಾರದೇಕೆ? ಈ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಒಬ್ಬ ಎಂಜಿನಿಯರ್ ಕೇಳಿದ್ದರು. ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿಸಿದ ಸರ್ ಆರ್ಥರ್ ಕಾಟನ್ (1803-1899) ಅವರು ರೈಲಿಗಿಂತ ಕಾಲುವೆಯೇ ಈ ದೇಶಕ್ಕೆ ಅಗ್ಗ ಎಂದು ಬಲವಾಗಿ ನಂಬಿದವರು. ಒಂದೇ ಕಾಲುವೆ ಗದ್ದೆಗೆ ನೀರನ್ನೂ ಕೊಡಲಿ, ಸರಕನ್ನೂ ಸಾಗಿಸಲಿ ಎಂಬುದು ಅವರ ವಾದ. 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಅವರು ದೇಶಕ್ಕೆಲ್ಲ ಜಲಮಾರ್ಗಗಳ ಯೋಜನೆಯನ್ನೇ ಇಟ್ಟರು. ಅದರಲ್ಲಿ ಒಂದು ಮಾರ್ಗ ತುಂಗಭದ್ರೆಯನ್ನು ಏರಿ ಕಾರವಾರದ ಕಡಲನ್ನು ಸೇರಬೇಕಿತ್ತು!

ಈ ಕನಸಿನ ಒಂದು ತುಂಡು ಅದಕ್ಕೂ ಮೊದಲೇ ನೆಲಕ್ಕಿಳಿದಿತ್ತು. ಶೃಂಗೇರಿ, ಬಾಳೆಹೊನ್ನೂರುಗಳನ್ನು ದಾಟಿ ಬಂದ ನೀರೇ ಹಂಪಿ, ಮಂತ್ರಾಲಯಗಳನ್ನು ಹಾದು ಕರ್ನೂಲಿಗೆ ತುಸು ಮೇಲೆ ಸುಂಕೇಸುಲಕ್ಕೆ ಬರುತ್ತದೆ. ಅಲ್ಲಿ ನದಿಗೆ ಅಡ್ಡಕಟ್ಟೆ ಹಾಕಿ, ಕಡಪದವರೆಗೆ ಸುಮಾರು 300 ಕಿಲೋಮೀಟರ್ ಉದ್ದದ ಕಾಲುವೆಯನ್ನು ಮದರಾಸಿನ ನೀರಾವರಿ ಕಂಪನಿಯೊಂದು 1860ರ ದಶಕದಲ್ಲಿ ತೋಡಿಸಿತು. ದೋಣಿ ಸಾಗಲೆಂದೇ ಅದರಲ್ಲಿ ‘ಲಾಕ್’ಗಳನ್ನು ಕಟ್ಟಲಾಯಿತು. ಲಾಕ್ ಎಂದರೆ ನೀರಿನ ಮೆಟ್ಟಿಲು. ಎರಡು ಬಾಗಿಲುಗಳ ನಡುವಿನ ತೊಟ್ಟಿಗೆ ದೋಣಿಯನ್ನು ತಂದು, ಬಾಗಿಲು ಮುಚ್ಚಿ ತೊಟ್ಟಿಗೆ ನೀರು ತುಂಬಿದರೆ ದೋಣಿ ತಾನಾಗಿ ಮೇಲೇಳುತ್ತದೆ. ನೀರು ಬಿಟ್ಟರೆ ಕೆಳಗಿಳಿಯುತ್ತದೆ. ಹೀಗೆ ಏರುತಗ್ಗಿನ ನೆಲದಲ್ಲೂ ದೋಣಿ ಹತ್ತಿ ಇಳಿಯಬಹುದು.

ಆದರೂ ಕಂಪನಿ ಸೋತಿತು. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಳ್ಳಬೇಕಾಯಿತು. ಅಲ್ಲಿನ ದೋಣಿ ಸಂಚಾರ ಏಳಿಗೆ ಕಾಣದೆ ಮುಂದೆ ನಿಂತೇಹೋಯಿತು. ಕಾರಣಗಳು ಸ್ಪಷ್ಟ. ಬೇಸಿಗೆಯಲ್ಲಿ ನದಿಯಲ್ಲೇ ನೀರಿಲ್ಲದಿದ್ದಾಗ ಕಾಲುವೆಯಲ್ಲಿ ಎಲ್ಲಿಂದ ಬರಬೇಕು? ವರ್ಷದ ಕೆಲವೇ ತಿಂಗಳು ತೆರೆದಿರುವ ದಾರಿಯನ್ನು ವ್ಯಾಪಾರಿ ನಂಬುವುದಿಲ್ಲ. ಅಷ್ಟರಲ್ಲಿ ವರ್ಷವಿಡೀ ಓಡುವ ರೈಲು ಕಡಪಕ್ಕೆ ಬಂದಿತ್ತು. ಇದಲ್ಲದೆ ರೈತನಿಗೂ ಅಂಬಿಗನಿಗೂ ಬೇಕಾದ ನೀರು ಬೇರೆ ಬೇರೆ. ರೈತನಿಗೆ ಹರಿಯುವ, ಹಂಚಿ ಮುಗಿಯುವ ನೀರು ಬೇಕು. ಅಂಬಿಗನಿಗೆ ಒಂದೇ ಮಟ್ಟದಲ್ಲಿ ನಿಲ್ಲುವ ನೀರು ಬೇಕು. ಇಬ್ಬರಲ್ಲಿ ರೈತನೇ ಗೆದ್ದ, ಗೆಲ್ಲಬೇಕಾದ್ದೂ ನ್ಯಾಯವೇ.

ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಆರಂಭವಾಗಿ 1960ರ ದಶಕದಲ್ಲಿ ಮುಗಿಯಿತು. ಅದರ ಕಾಲುವೆಗಳು ಕೇವಲ ನೀರಾವರಿಗೆ. ಅಲ್ಲಲ್ಲಿ ನೀರು ಧುಮುಕುವ ಇಳಿಜಾರುಗಳು, ತಗ್ಗಿನ ಸೇತುವೆಗಳು, ತೂಬುಗಳು. ಬೆಳೆಯ ಹಂಗಾಮು ಮುಗಿದರೆ ಒಣಗಿದ ತಳ. ದೋಣಿಗೆ ಅಲ್ಲಿ ಜಾಗವೇ ಇಲ್ಲ.

ಹಳೆಯ ದೋಣಿಗೆ ಮರುಜೀವ

ಕಾಲುವೆ ದೋಣಿಯ ತವರಾದ ಇಂಗ್ಲೆಂಡಿನಲ್ಲೂ ಆ ಬದುಕು ಉಳಿಯಲಿಲ್ಲ. ಏಳಡಿ ಅಗಲ, ಎಪ್ಪತ್ತಡಿ ಉದ್ದದ ದೋಣಿಗಳಲ್ಲಿ ಕಲ್ಲಿದ್ದಲು ಸಾಗಿಸುತ್ತ, ಪುಟ್ಟ ಕೋಣೆಯಲ್ಲೇ ಸಂಸಾರ ಮಾಡುತ್ತಿದ್ದ ಕುಟುಂಬಗಳನ್ನು ಮೊದಲು ರೈಲು, ಆಮೇಲೆ ಲಾರಿ ದಡಕ್ಕೆ ತಳ್ಳಿದವು. ಆಗ ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ ‘ಕ್ರೆಸ್ಸಿ’ ಎಂಬ ಹಳೆಯ ಮರದ ದೋಣಿಯನ್ನು ದುರಸ್ತಿ ಮಾಡಿಸಿಕೊಂಡು 1939ರಲ್ಲಿ ಹೆಂಡತಿಯೊಡನೆ ಅದರಲ್ಲೇ ವಾಸಕ್ಕೆ ಹೊರಟರು. 1944ರಲ್ಲಿ ಆ ಪ್ರಯಾಣದ ಪುಸ್ತಕ ಬಂತು. 1946ರಲ್ಲಿ ಕಾಲುವೆಗಳನ್ನು ಉಳಿಸುವ ಸಂಘ ಹುಟ್ಟಿತು. ಮುಚ್ಚಿಹೋಗಿದ್ದ ಎಷ್ಟೋ ಕಾಲುವೆಗಳು ಮುಂದೆ ತೆರೆದುಕೊಂಡವು. ಪ್ಲೈವುಡ್ಡಿನ, ಫೈಬರ್‌ಗ್ಲಾಸಿನ ಸಣ್ಣ ವಿಹಾರ ದೋಣಿಗಳು ಬಂದ ಮೇಲೆ ಸಾಮಾನ್ಯ ಜನರೂ ಹಳೆಯದೊಂದನ್ನು ಕೊಂಡು, ರಜಾದಿನಗಳಲ್ಲಿ ತಾವೇ ರಿಪೇರಿ ಮಾಡಿ ನೀರಿಗಿಳಿಸುವ ಹವ್ಯಾಸ ಬೆಳೆಯಿತು.

ನಮ್ಮಲ್ಲಿ ದೋಣಿ ದುರಸ್ತಿ ಹವ್ಯಾಸವಲ್ಲ. ಅದು ಅಂಬಿಗನ ವರ್ಷದ ಕೆಲಸ. ಹೊಳೆ ಇಳಿದ ಬೇಸಿಗೆಯಲ್ಲಿ ದೋಣಿಯನ್ನು ದಡಕ್ಕೆಳೆದು ಕವುಚಿ ಹಾಕಿ, ಮಳೆಗೆ ಮುನ್ನ ಸಿದ್ಧಪಡಿಸಬೇಕು. ದೇಶ ಯಾವುದಾದರೂ ಮರದ ದೋಣಿಯ ರೋಗ ಒಂದೇ, ಔಷಧವೂ ಹೆಚ್ಚುಕಡಿಮೆ ಒಂದೇ.

ಮೊದಲ ಕೆಲಸ ರೋಗ ಪತ್ತೆ. ಕೊಡತಿಯಿಂದ ತಟ್ಟಿದರೆ ಗಟ್ಟಿ ಮರ ‘ಠಣ್’ ಎನ್ನುತ್ತದೆ. ಒಳಗೆ ಕೊಳೆತದ್ದು ‘ಬೊದ್’ ಎನ್ನುತ್ತದೆ. ಸಂಶಯವಿದ್ದಲ್ಲಿ ದಬ್ಬಳ ಚುಚ್ಚಿ ನೋಡಬೇಕು. ಇಲ್ಲೊಂದು ವಿಚಿತ್ರವಿದೆ. ಸದಾ ನೀರಿನೊಳಗೇ ಇರುವ ಮರ ಬೇಗ ಕೊಳೆಯುವುದಿಲ್ಲ, ಕೊಳೆಸುವ ಶಿಲೀಂಧ್ರಕ್ಕೆ ಗಾಳಿ ಬೇಕು. ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಹಲವು ದಶಕಗಳ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ನಿಂತಿರುವುದನ್ನು ಕಾಣಬಹುದು. ದೋಣಿ ಕೊಳೆಯುವುದು ಹೊರಗಿನ ಹೊಳೆನೀರಿನಿಂದಲ್ಲ, ಒಳಗೆ ನಿಂತ ಮಳೆನೀರಿನಿಂದ. ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಅಂಚು, ಮೂಲೆಗಳಲ್ಲಿ. ಆದ್ದರಿಂದಲೇ ಜಾಣ ಅಂಬಿಗ ಸವಾರಿಯಿಲ್ಲದ ದಿನವೂ ದೋಣಿಯ ನೀರನ್ನು ಮೊಗೆದು ಚೆಲ್ಲುತ್ತಾನೆ.

ಕೊಳೆತ ಹಲಗೆಯನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ತೆಗೆಯಬೇಕು. ಅರ್ಧ ಬಿಟ್ಟರೆ ಹೊಸ ಹಲಗೆಗೂ ರೋಗ ಹರಡುತ್ತದೆ. ಹೊಸ ತುಂಡನ್ನು ದೋಣಿಯ ಪಕ್ಕೆಲುಬಿನ ಮೇಲೆ ಕೂರುವಂತೆ ಅಳೆದು ಜೋಡಿಸಿ ಮೊಳೆ ಹೊಡೆಯುತ್ತಾರೆ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ, ತಾಮ್ರದ್ದು ಬಾಳುತ್ತದೆ. ಆಮೇಲೆ ಹಲಗೆಗಳ ನಡುವಿನ ಸಂದಿಗೆ ಹತ್ತಿಯನ್ನೋ ತೆಂಗಿನ ನಾರನ್ನೋ ಹುರಿಮಾಡಿ, ಮೊಂಡು ಉಳಿಯಿಂದ ಬಡಿದು ತುರುಕಬೇಕು. ಅದರ ಮೇಲೆ ರಾಳದ ಲೇಪ. ಈ ರಾಳ ಪಶ್ಚಿಮಘಟ್ಟದ ಧೂಪದ ಮರ ಸುರಿಸುವ ಅಂಟು. ಅದನ್ನು ಎಣ್ಣೆಯಲ್ಲಿ ಕರಗಿಸಿ ಬಿಸಿಯಿರುವಾಗಲೇ ಹಚ್ಚುತ್ತಾರೆ. ಕರಾವಳಿಯಲ್ಲಿ ಮೀನೆಣ್ಣೆ, ಹೊನ್ನೆಎಣ್ಣೆ, ಗೇರುಸಿಪ್ಪೆಯ ಎಣ್ಣೆಗಳೂ ಹಲಗೆಗೆ ರಕ್ಷೆ.

ಇಷ್ಟೆಲ್ಲ ಆದ ಮೇಲೂ ದೋಣಿಯನ್ನು ನೀರಿಗೆ ಬಿಟ್ಟ ಮೊದಲ ದಿನ ಅದು ಸೋರುತ್ತದೆ! ಹೊಸಬರು ಗಾಬರಿಯಾಗುವುದು ಇಲ್ಲೇ. ಒಣಗಿದ ಹಲಗೆ ನೀರು ಕುಡಿದು ಉಬ್ಬಬೇಕು. ಉಬ್ಬಿದ ಹಲಗೆಗಳು ನಡುವಿನ ನಾರನ್ನು ಒತ್ತಿ ಹಿಡಿದು ಸಂದಿಯನ್ನು ತಾವೇ ಮುಚ್ಚಿಕೊಳ್ಳುತ್ತವೆ. ಒಂದೆರಡು ದಿನ ನೀರು ಮೊಗೆಯುತ್ತ ಕಾಯುವ ತಾಳ್ಮೆ ಇದ್ದರಾಯಿತು. ಇದರ ಇನ್ನೊಂದು ಮುಖವೂ ಇದೆ. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದ ದೋಣಿಯ ಹಲಗೆಗಳು ಕುಗ್ಗಿ, ಬಿರಿದು, ಮತ್ತೆ ಕೂಡದಂತಾಗುತ್ತವೆ. ಮರದ ದೋಣಿಯನ್ನು ಹೆಚ್ಚಾಗಿ ಕೊಲ್ಲುವುದು ಬಳಕೆಯಲ್ಲ, ಬಿಟ್ಟುಬಿಡುವುದು.

ಇಂದಿನ ಫೈಬರ್ ದೋಣಿ ಕೊಳೆಯುವುದಿಲ್ಲ, ಆದರೆ ಅದಕ್ಕೂ ಅದರದೇ ಕಾಯಿಲೆಗಳಿವೆ. ಮೇಲಿನ ನುಣುಪು ಪದರದಲ್ಲಿ ನೀರು ನುಸುಳಿ ಗುಳ್ಳೆಗಳೇಳುತ್ತವೆ. ಗುಳ್ಳೆ ಒಡೆದು, ಉಜ್ಜಿ, ಚೆನ್ನಾಗಿ ಒಣಗಿಸಿ ಮತ್ತೆ ಗಾಜಿನ ನಾರು ಮತ್ತು ರೆಸಿನ್ ಹಚ್ಚಬೇಕು. ಉಕ್ಕಿನ ಲಾಂಚಿಗೆ ತುಕ್ಕೇ ಶತ್ರು. ನಿಗದಿತ ಕಾಲಕ್ಕೆ ದಡಕ್ಕೆತ್ತಿ ತಳದ ತಗಡು ಎಷ್ಟು ಸವೆದಿದೆ ಎಂದು ಅಳೆಯದಿದ್ದರೆ ಅಪಾಯ.

ಸೇತುವೆ ಬಂತು

ದೋಣಿಯ ಇತಿಹಾಸವನ್ನು ಸೇತುವೆಗಳ ಇಸವಿಯಲ್ಲೇ ಓದಬಹುದು. ತುಂಗಭದ್ರೆಗೆ ಹರಿಹರದಲ್ಲಿ 1868ರಲ್ಲಿ ಕಲ್ಲಿನ ಸೇತುವೆ ಬಂತು. ತೀರ್ಥಹಳ್ಳಿಯಲ್ಲಿ ತುಂಗೆಗೆ ಜಯಚಾಮರಾಜೇಂದ್ರ ಸೇತುವೆ 1943ರಲ್ಲಿ ಬಂತು. 1989ರಲ್ಲಿ ಸುಳ್ಯದ ಬಳಿಯ ಅರಂಬೂರಿನಲ್ಲಿ ಗಿರೀಶ್ ಭಾರದ್ವಾಜ್ ಅವರು ಕಟ್ಟಿದ ತೂಗುಸೇತುವೆಯ ಮಾದರಿ ಮುಂದೆ ಮಲೆನಾಡಿನ ಹಳ್ಳಿಹಳ್ಳಿಗೆ ಹಬ್ಬಿತು. ದೊಡ್ಡ ಸೇತುವೆಗೆ ಸರ್ಕಾರದಲ್ಲಿ ಹಣವಿಲ್ಲವೆಂದು ಕಾದು ಕುಳಿತ ಊರುಗಳು ಹೊಳೆಯನ್ನು ನಡೆದೇ ದಾಟತೊಡಗಿದವು. ನೆರೆಯ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ದ್ವೀಪದಂತಾದ ತುಮರಿ, ಕಳಸವಳ್ಳಿಯ ಜನ ದಶಕಗಳ ಕಾಲ ಲಾಂಚನ್ನೇ ನಂಬಿ ಬದುಕಿದರು. ಸಂಜೆ ಲಾಂಚು ನಿಂತರೆ ಕಾಯಿಲೆಯವರನ್ನು ಸಾಗರಕ್ಕೆ ಸಾಗಿಸಲು ಕಾಡಿನ ದೂರದ ದಾರಿ ಸುತ್ತಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆದಾಗ ಆ ಕಾಯುವಿಕೆ ಮುಗಿಯಿತು.

ಇದನ್ನು ಕಂಡವರಾರೂ ಸೇತುವೆ ಬೇಡವೆನ್ನಲಾರರು. ಹೆರಿಗೆ ನೋವಿನ ಹೆಣ್ಣಿಗೆ, ಜ್ವರದ ಮಗುವಿಗೆ ದೋಣಿಯ ಸೊಬಗು ಬೇಕಿಲ್ಲ, ದಾರಿ ಬೇಕು. ಹೊಳೆ ದಾಟುವಾಗ ದೋಣಿ ಮಗುಚಿ ಜೀವ ಕಳೆದುಕೊಂಡವರ ನೆನಪು ಹೊಳೆದಂಡೆಯ ಊರುಗಳಿಗೆ ಹೊಸದಲ್ಲ. ಆದರೆ ಸೇತುವೆ ಬಂದ ದಿನವೇ ದೋಣಿಯನ್ನು ದಡಕ್ಕೆ ಹಾಕಿ ಮರೆತರೆ ಹೋಗುವುದು ಹಲಗೆಗಳಷ್ಟೇ ಅಲ್ಲ. ಯಾವ ಮಳೆಗೆ ಹೊಳೆ ಎಷ್ಟು ಏರುತ್ತದೆ, ಸುಳಿ ಎಲ್ಲಿ ಏಳುತ್ತದೆ, ಸೆಳವಿಗೆ ಅಡ್ಡಲಾಗಿ ಹೋಗಲು ಎಷ್ಟು ಮೇಲಿನಿಂದ ದೋಣಿ ಬಿಡಬೇಕು ಎಂಬ ತಿಳಿವಳಿಕೆಯೂ ಹೋಗುತ್ತದೆ. ಅದು ಪುಸ್ತಕದಲ್ಲಿಲ್ಲ, ಹುಟ್ಟು ಹಿಡಿದ ಕೈಯಲ್ಲಿದೆ.

ಆ ಕೈಯ ಬೆಲೆ ತಿಳಿಯುವುದು ಸೇತುವೆಯೂ ಮುಳುಗುವ ದಿನ. ಶೃಂಗೇರಿಯಲ್ಲಿ ತುಂಗೆ ಉಕ್ಕಿದರೆ ದಡದ ಕಪ್ಪೆ ಶಂಕರ ಮುಳುಗುತ್ತದೆ, ಗಾಂಧಿ ಮೈದಾನ ಕೆರೆಯಾಗುತ್ತದೆ. 2019ರ ಆಗಸ್ಟಿನ ನೆರೆ ಮಲೆನಾಡಿನ ಎಷ್ಟೋ ರಸ್ತೆ, ಸಂಕಗಳನ್ನು ಕಡಿದುಹಾಕಿತು. ಅದರ ಹಿಂದಿನ ವರ್ಷ ಕೇರಳದ ಮಹಾಪ್ರಳಯದಲ್ಲಿ ಸಾವಿರಾರು ಜನರನ್ನು ಉಳಿಸಿದವರು ತಮ್ಮ ದೋಣಿಗಳನ್ನು ಲಾರಿಗೇರಿಸಿ ತಂದ ಮೀನುಗಾರರು. ಅವರಿಗೆ ಅದು ಸಾಧ್ಯವಾದದ್ದು ದೋಣಿಗಳು ನಿತ್ಯ ನೀರಿನಲ್ಲಿದ್ದುದರಿಂದ, ಅವುಗಳನ್ನು ಸರಿಯಾಗಿಟ್ಟುಕೊಂಡಿದ್ದುದರಿಂದ. ದಡದಲ್ಲಿ ಬಿರಿದು ಬಿದ್ದ ದೋಣಿ ನೆರೆಯ ದಿನ ಯಾರನ್ನೂ ದಾಟಿಸುವುದಿಲ್ಲ.

ಇಂಗ್ಲೆಂಡಿನಂತೆ ವಿಹಾರದ ಕಾಲುವೆಗಳು ನಮ್ಮಲ್ಲಿಲ್ಲ. ಆದರೆ ತುಂಗೆಯ ದಂಡೆಯಿದೆ, ನರಸಿಂಹರಾಜಪುರದ ಹಿನ್ನೀರಿದೆ. ದೋಣಿಗಂಡಿಯಿದ್ದ ಪ್ರತಿ ಊರಿನಲ್ಲಿ ಹಳೆಯದೊಂದು ದೋಣಿಯನ್ನು ಬೇಸಿಗೆಗೊಮ್ಮೆ ದಡಕ್ಕೆತ್ತಿ, ತಟ್ಟಿ ನೋಡಿ, ನಾರು ತುರುಕಿ, ರಾಳ ಹಚ್ಚಿ ನೀರಿಗೆ ಬಿಡುವುದು ಪಂಚಾಯಿತಿಗೆ ದೊಡ್ಡ ಖರ್ಚಲ್ಲ. ಆ ಕೆಲಸವನ್ನು ಬಲ್ಲ ಹಿರಿಯರು ಇರುವಾಗಲೇ ಊರಿನ ಒಂದಿಬ್ಬರು ಹುಡುಗರಿಗೆ ಅದನ್ನು ಕಲಿಸಿದರೆ, ಮುಂದಿನ ಆಶ್ಲೇಷ ಮಳೆಗೆ ಹೊಳೆ ಏರಿದಾಗ ಆಚೆ ದಡದ ಕೂಗಿಗೆ ಓಗೊಡಲು ಒಬ್ಬರಾದರೂ ಇರುತ್ತಾರೆ.